ಶಂಶಾದ್‌ಬೀಯ ಇಳಿದನಿ

ಮಸ್ಕಿಯ ಶಂಶಾದ್‌ಬೀ ಹದಿನಾರನೆಯ ವಯಸ್ಸಿಗೆ ನಾಟಕ ಕಂಪನಿ ಸೇರಿದವಳು. ಲಿಂಗಸುಗೂರಿನಲ್ಲಿ ಕ್ಯಾಂಪ್ ಇದ್ದಾಗ ನಾಯಕಿಗೆ ಜ್ವರ ಬಂತು. ಇವಳು ಒಂದೇ ದಿನದಲ್ಲಿ ಪಾತ್ರ ಕಲಿತು ಹಾಡಿದಳು. ಅಲ್ಲಿಂದ ಇಪ್ಪತ್ತೆಂಟು ವರ್ಷ ಇವಳೇ ನಾಯಕಿ. ಕಂಪನಿ ಮುಚ್ಚಿದ ಮೇಲೂ ಊರೂರಿನ ನಾಟಕಗಳಿಗೆ ಇವಳಿಗೇ ಕರೆ. ಇವಳು ದನಿ ಎತ್ತಿದರೆ ಮೈಕೇ ಬೇಡ ಎನ್ನುತ್ತಿದ್ದರು ಜನ.

ಹೋದ ವರ್ಷ ಥೈರಾಯ್ಡ್ ಗಂಟಿಗೆ ಆಪರೇಷನ್ ಆಯಿತು. ಮಾತು ಉಳಿಯಿತು, ಮೇಲಿನ ಸ್ವರ ಹೋಯಿತು. ಎಂಟು ತಿಂಗಳು, ದಿನಾ ಬೆಳಿಗ್ಗೆ ರೊಟ್ಟಿ ಬಡಿಯುವ ಮುಂಚೆ, ಕೆಳಗಿನ ಸ್ವರಗಳನ್ನೇ ಹಿಡಿದು ಕೂತಳು. ಮೊದಲು ಬರೀ ಗಾಳಿ. ಆಮೇಲೆ ಒಂದು ಒರಟು ದನಿ.

"ಅಮ್ಮೀ, ಇದು ಬ್ಯಾರೆ ಯಾರದೋ ದನಿ ಅನಿಸ್ತೈತಿ" ಎಂದಳು ಮಗಳು ಅಸ್ಮಾ.

"ನಂದೇ. ಇನ್ನಾ ಗುರುತು ಆಗಬೇಕಷ್ಟ."

ಬಳಗಾನೂರಿನ ನಾಟಕದ ತಾಲೀಮಿಗೆ ಪೇಟಿ ಮಾಸ್ತರ ಅಮರಗುಂಡಪ್ಪ ಮೊಬೈಲ್ ಹಿಡಿದುಕೊಂಡು ಬಂದರು. ಕಂಪನಿಯ ಕಾಲದಿಂದ ಇವಳ ಹಾಡಿಗೆ ಹಾರ್ಮೋನಿಯಂ ಪೇಟಿ ಬಾರಿಸಿದವರು. ಮೊಬೈಲಿನಲ್ಲಿ ಇವಳದೇ ಹತ್ತು ವರ್ಷದ ಹಿಂದಿನ ಹಾಡಿತ್ತು.

"ತಂಗೀ, ಇದನ್ನ ಹಚ್ತೀವಿ. ನೀ ಬರೇ ತುಟಿ ಅಲ್ಲಾಡ್ಸು. ಯಾರಿಗೂ ಗೊತ್ತಾಗಂಗಿಲ್ಲ."

"ನನಗ ಗೊತ್ತಾಕ್ಕೈತಲ್ರೀ ಮಾಸ್ತರ."

"ನಿನ್ನ ದನೀನೇ ಐತಿ. ಕಳವು ಮಾಡಿದ್ದೇನಲ್ಲ."

"ಅದು ಆಗಿನ ಶಂಶಾದ್ ಹಾಡಿದ್ದು. ಈಗಿನಾಕಿ ನಿಮ್ಮ ಮುಂದ ನಿಂತಾಳ. ಪೇಟಿ ಶ್ರುತಿ ಇಳಸ್ರಿ, ಹಾಡ್ತೀನಿ."

"ಜನ ನಕ್ರ?"

"ನಗ್ಲಿ. ಮೊದಲ್ನೇ ವರ್ಷಾನೂ ನಕ್ಕಿದ್ರು."

ನಾಟಕದ ದಿನ ನಾಯಕಿಯ ಹಾಡಿಗೆ ಮಾಸ್ತರರು ಶ್ರುತಿ ಇಳಿಸಿದರು. ಮೊದಲ ಸಾಲಿಗೇ ಗುಂಪಿನಿಂದ ಒಬ್ಬ, "ಗಂಡಸಿನ ದನಿ ಲೇ!" ಎಂದು ಕೂಗಿದ. ನಗೆ ಎದ್ದಿತು. ಎರಡನೆಯ ಸಾಲಿಗೆ ಅವಳ ದನಿ ಒಡೆಯಿತು. ಪೇಟಿ ನಿಂತಿತು.

ಶಂಶಾದ್‌ಬೀ ಒಳಗೆ ಹೋಗಲಿಲ್ಲ. ಮೈಕಿನ ಮುಂದೆ ಬಂದಳು.

"ಗಂಟಲ ಆಪರೇಷನ್ ಆಗೇತ್ರೀ. ಇಷ್ಟ ದನಿ ಉಳದೈತಿ. ಇದರಾಗ ಹಾಡ್ತೀನಿ, ಕೇಳ್ರಿ."

ಮತ್ತೆ ಮೊದಲಿಂದ ಹಾಡಿದಳು, ಸಾವಕಾಶವಾಗಿ, ಒಂದೊಂದು ಮಾತೂ ತಿಳಿಯುವಂತೆ. ಗಂಡ ಬಿಟ್ಟುಹೋದ ಹೆಣ್ಣಿನ ಹಾಡು ಅದು. ಇಷ್ಟು ವರ್ಷ ಅವಳ ಏರುದನಿಗೆ ಚಪ್ಪಾಳೆ ಹೊಡೆದಿದ್ದ ಜನ ಅವತ್ತು ಹಾಡಿನ ಮಾತು ಕೇಳಿಸಿಕೊಂಡರು. ಮುಗಿದಾಗ ಮೊದಲು ಹೆಂಗಸರ ಕಡೆಯಿಂದ, ಆಮೇಲೆ ಎಲ್ಲ ಕಡೆಯಿಂದ "ಒನ್ಸ್ ಮೋರ್" ಕೂಗು ಬಂತು. ಅವಳು ಇನ್ನೊಮ್ಮೆ ಹಾಡಿದಳು.

ಎಲ್ಲರೂ ಒಪ್ಪಿದರೆಂದಲ್ಲ. ದಢೇಸುಗೂರಿನವರು ತಮ್ಮ ನಾಟಕಕ್ಕೆ ಬೇರೆ ನಾಯಕಿಯನ್ನು ಗೊತ್ತುಮಾಡಿ ಇವಳಿಗೆ ತಾಯಿಯ ಪಾತ್ರ ಕೊಟ್ಟರು.

"ಮಾಡ್ತೀನಿ. ಆದ್ರ ತಾಯಿಗೂ ಒಂದು ಹಾಡು ಬೇಕು" ಎಂದಳು.

ಆ ನಾಟಕದಲ್ಲಿ ತಾಯಿಗೆ ಹಾಡೇ ಇರಲಿಲ್ಲ. ಅಮರಗುಂಡಪ್ಪ ಸಿಂಧನೂರಿನ ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತು ಹೊಸ ಹಾಡೊಂದನ್ನು ಕಟ್ಟತೊಡಗಿದರು. ಬಸ್ಸು ಬರುವಷ್ಟರಲ್ಲಿ ಪಕ್ಕದಲ್ಲಿ ಕೂತಿದ್ದ ಶಂಶಾದ್‌ಬೀಗೆ ಎರಡು ನುಡಿ ಬಾಯಿಪಾಠವಾಗಿದ್ದವು.