ಕುಂಕುಮ ಹಚ್ಚಿದ ಗಾಜು

ಆಯುಧಪೂಜೆಯ ಮಾರನೆಯ ದಿನ ಪಂಚನಹಳ್ಳಿ ಕೆರೆಯ ದಂಡೆಗೆ ಬಂದು ನೋಡಿದರೆ ನನ್ನ ಎರಡೂ ಯಂತ್ರಗಳು ಮದುಮಕ್ಕಳ ಹಾಗೆ ನಿಂತಿದ್ದವು. ಕಂಬಕ್ಕೆ ಬಾಳೆಕಂದು, ಚೆಂಡುಹೂವಿನ ಹಾರ. ಬುಡದಲ್ಲಿ ಒಡೆದ ಬೂದುಗುಂಬಳ. ಅಷ್ಟೇ ಆಗಿದ್ದರೆ ಕೈಮುಗಿದು ಸುಮ್ಮನಾಗುತ್ತಿದ್ದೆ. ಆದರೆ ಗಾಳಿಯ ತೇವ ಅಳೆಯುವ ಬೆಳಕು ಹಾಯಬೇಕಾದ ಗಾಜಿನ ನಟ್ಟನಡುವೆ ಅಗಲವಾದ ಕುಂಕುಮದ ಬೊಟ್ಟಿತ್ತು.

“ತಿಮ್ಮಪ್ಪಣ್ಣಾ!” ಎಂದು ಕೂಗಿದೆ.

ದಂಡೆಯ ಪಕ್ಕದ ತೆಂಗಿನ ತೋಟ ತಿಮ್ಮಪ್ಪಣ್ಣನದು. ದನಕರು ಮುಟ್ಟದಂತೆ ಯಂತ್ರ ನೋಡಿಕೊಳ್ಳುತ್ತೇನೆ ಎಂದು ತಾವಾಗಿಯೇ ಒಪ್ಪಿಕೊಂಡಿದ್ದವರು. ಟವೆಲ್ ಕೊಡವುತ್ತಾ ಬಂದರು.

“ಯಾಕವ್ವಾ ಹಂಗ್ ಕೂಗ್ತೀಯ? ಮೋಟ್ರಿಗೆ ಹಚ್ದೆ, ಟಿಲ್ಲರ್‌ಗೆ ಹಚ್ದೆ. ಇವೂ ದುಡಿಯೋವೇ ಅಲ್ವಾ?”

“ಕಣ್ಣಿಗೇ ಹಚ್ಚೋದಾ?”

“ಅದು ಹಣೆ ಅಂದ್ಕಂಡೆ ಕಣವ್ವಾ.”

“ಎರಡಕ್ಕೂ?”

“ಒಂದಕ್ಕೆ ಹಚ್ಚಿ ಇನ್ನೊಂದನ್ನ ಬಿಟ್ರೆ ಅದು ಬೇಜಾರ್ ಮಾಡ್ಕಳಲ್ವಾ?”

ತಲೆ ಚಚ್ಚಿಕೊಂಡೆ.

ನಾನು ವನಜಾಕ್ಷಿ, ತರೀಕೆರೆಯವಳು. ಕಡಲು ತನ್ನ ಬಿಸಿಯನ್ನೂ ತೇವವನ್ನೂ ಗಾಳಿಗೆ ಎಷ್ಟು ಬಿಟ್ಟುಕೊಡುತ್ತದೆ ಎಂದು ಅಳೆಯುವುದು ನನ್ನ ಕೆಲಸ. ದಕ್ಷಿಣ ಧ್ರುವದ ಕಡೆ ಕಡಲ ಮೇಲೆಯೇ ಮಂಜುಗಡ್ಡೆ ಕಟ್ಟುತ್ತದೆ. ಒಲೆಯ ಮೇಲಿನ ಪಾತ್ರೆಗೆ ಮುಚ್ಚಿದ ತಟ್ಟೆಯಂತೆ ಅದು ಬಿಸಿಯನ್ನು ತಡೆದಿಟ್ಟಿರುತ್ತದೆ. ಬಿರುಕು ಬಿಟ್ಟಲ್ಲಿ ಕಡಲು ಹಬೆಯಾಡುತ್ತದೆ. ಆ ಬಿರುಕಿನ ಪಕ್ಕ ಈ ಯಂತ್ರಗಳನ್ನು ನಿಲ್ಲಿಸಬೇಕು. ಅದಕ್ಕೆ ಮೊದಲು ಎರಡನ್ನೂ ಊರಿನ ನೀರಿನ ಪಕ್ಕ ಜೊತೆಗಿಟ್ಟು, ಒಂದೇ ಲೆಕ್ಕ ಹೇಳುತ್ತವೆಯೇ ಎಂದು ನೋಡಬೇಕು. ವಾರದಿಂದ ಸರಿಯಾದ ಗಾಳಿಯೇ ಬೀಸಿರಲಿಲ್ಲ. ಇನ್ನೆರಡು ದಿನದಲ್ಲಿ ಯಂತ್ರಗಳ ಪೆಟ್ಟಿಗೆ ಗೋವಾ ಬಂದರಿಗೆ ಹೊರಡಬೇಕಿತ್ತು. ಲೆಕ್ಕ ತಾಳೆಯಾಗದಿದ್ದರೆ ಯಂತ್ರಗಳೂ ಹಡಗು ಹತ್ತುವುದಿಲ್ಲ, ನಾನೂ ಹತ್ತುವುದಿಲ್ಲ.

ನಾನೂ ಹತ್ತುವುದಿಲ್ಲ. ಅದು ಹೊಳೆದ ಕೂಡಲೇ ಸಿಟ್ಟು ಇಳಿದುಹೋಯಿತು. ಎದೆ ಹಗುರಾಯಿತು.

ಮೂರು ಸಲ ಹೋಗಿಬಂದಿದ್ದೇನೆ. ಮೊದಲ ಸಲ ಕುಣಿದಾಡಿಕೊಂಡು ಹೋದೆ. ಆಮೇಲೆ ಬೇರೆ ಯಾರೂ ಇಲ್ಲವೆಂದು, ಹಾಳೂರಿಗೆ ಉಳಿದವನೇ ಗೌಡ ಅಂತಾರಲ್ಲ, ಹಾಗೆ ಹೋದೆ. ಅಲ್ಲಿ ಗಾಜಿನ ಮೇಲೆ ಹಿಮ ಕೂರುತ್ತಲೇ ಇರುತ್ತದೆ. ಅರ್ಧ ನಿದ್ದೆಯಲ್ಲಿ ಎದ್ದು, ಅಂಗಿಯ ಮೇಲೆ ಅಂಗಿ ತೊಟ್ಟು ಹೋಗಿ ಒರೆಸಬೇಕು. ವಾಪಸು ಬಂದು ಬೂಟು ಬಿಚ್ಚುವಷ್ಟರಲ್ಲಿ ಮತ್ತೆ ಕೂತಿರುತ್ತದೆ. ನನ್ನ ಬೆರಳ ತುದಿಗಳಿಗೆ ಇವತ್ತಿಗೂ ಕಾಫಿ ಲೋಟದ ಬಿಸಿ ತಿಳಿಯುವುದಿಲ್ಲ. ಬಿಸಿ ಅಳೆಯುವವಳ ಗತಿ ಇದು! ಸಾಕಾಗಿತ್ತು, ನಿಜವಾಗಿಯೂ ಸಾಕಾಗಿತ್ತು. ಆದರೆ ಹಾಗೆನ್ನಲು ಬಾಯಿ ಬರುತ್ತಿರಲಿಲ್ಲ. ಹೆಂಗಸೊಬ್ಬಳು ಸಾಕು ಎಂದರೆ ಹಿಂದೆ ಬರುವವರಿಗೂ ಬಾಗಿಲು ಹಾಕಿಬಿಡುತ್ತಾರೆ ಎಂಬ ಭಯ.

ಈಗ ಕುಂಕುಮ ನನ್ನ ಪರವಾಗಿ ಮಾತಾಡಿತ್ತು. ಅಲ್ಲೇ ನಿಂತು ನಮ್ಮ ಮುಖ್ಯಸ್ಥರಾದ ಧನಪಾಲ್ ಅವರಿಗೆ ಫೋನ್ ಮಾಡಿದೆ.

“ಸರ್, ಎರಡೂ ಗಾಜು ಕೆಟ್ಟಿವೆ. ಪೂಜೆ ಮಾಡಿಬಿಟ್ಟಿದ್ದಾರೆ.”

“ಯಾರು, ಆ ಕಾವಲಿನವನಾ? ಅವನ ಹೆಸರು ಹಾಕಿ ವರದಿ ಕಳಿಸಿ. ಈ ಸಲದ ಪ್ರಯಾಣ ಕೈಬಿಡೋಣ.”

ಫೋನಿನ ದನಿ ತಿಮ್ಮಪ್ಪಣ್ಣನಿಗೂ ಕೇಳಿಸಿತ್ತು. ಅವರ ಮುಖ ಸಪ್ಪಗಾಯಿತು.

“ನನ್ ಹೆಸ್ರೇ ಹಾಕವ್ವಾ. ಮಾಡಿದ್ದು ನಾನೇ ತಾನೇ? ಐಸ್ ಮೇಲೆ ಒಬ್ಳೇ ನಿಂತಿರ್ತೀನಿ ಅಂದಿದ್ಯಲ್ಲ, ಇವಾದ್ರೂ ನಿನ್ ಜೊತೇಲಿ ನೆಟ್ಟಗಿರ್ಲಿ ಅಂತ ಹಚ್ದೆ.”

ಅವರ ಮುಖ ನೋಡಲಾಗಲಿಲ್ಲ. ಚೀಲದಿಂದ ಶುದ್ಧ ನೀರು, ಮೆತ್ತನೆಯ ಬಟ್ಟೆ ತೆಗೆದು ಗಾಜು ಒರೆಸತೊಡಗಿದೆ. ಕೆಟ್ಟಿವೆ ಎಂದಿದ್ದೆನಲ್ಲ, ಒರೆಸಿಯೇ ನೋಡಿರಲಿಲ್ಲ. ಕುಂಕುಮ ಒಂದೇ ಸಲಕ್ಕೆ ಬಿಟ್ಟುಕೊಂಡಿತು. ಗೀರು ಸಹ ಇರಲಿಲ್ಲ.

ಮರುದಿನ ಮಧ್ಯಾಹ್ನ ಕೆರೆಯ ಮೇಲೆ ಒಳ್ಳೆಯ ಗಾಳಿ ಎದ್ದಿತು. ಲ್ಯಾಪ್‌ಟಾಪಿನಲ್ಲಿ ಎರಡು ಗೆರೆಗಳು ಒಂದರ ಮೇಲೊಂದು ಕೂತು, ಒಟ್ಟಿಗೆ ಏರಿ ಒಟ್ಟಿಗೆ ಇಳಿದವು. ತಾಳೆಯಾಗದಿರಲಿ ಎಂದು ನಾನು ಅಷ್ಟು ಹೊತ್ತೂ ಬೇಡಿಕೊಳ್ಳುತ್ತಿದ್ದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನೋ, ನೆಟ್ಟಗಿದ್ದ ಮನುಷ್ಯನನ್ನೇ ಡೊಂಕು ಎನ್ನಲು ಹೊರಟಿದ್ದೆ. ನಾಚಿಕೆಯಾಯಿತು. ಮತ್ತೆ ಫೋನ್ ಮಾಡಿದೆ.

“ಸರ್, ಯಂತ್ರಗಳು ಸರಿಯಾಗಿವೆ. ಲೆಕ್ಕ ತಾಳೆಯಾಗಿದೆ.”

“ಭೇಷ್! ಹಾಗಾದರೆ ನೀವೂ ಗಂಟುಮೂಟೆ ಕಟ್ಟಿ.”

“ಇಲ್ಲ ಸರ್. ಸರಿಯಾಗಿಲ್ಲದೆ ಇರೋದು ನಾನು. ನನಗೆ ಸಾಕಾಗಿದೆ. ನಮ್ಮ ತಂಡದ ಪ್ರಿಯಾಂಕಾಗೆ ಕೆಲಸ ಎಲ್ಲಾ ಕಲಿಸಿದ್ದೀನಿ, ಅವಳನ್ನ ಕೇಳಿ.”

“ವರದಿಯಲ್ಲಿ ಏನಂತ ಬರೆಯೋದು?”

“ನನ್ನ ಹೆಸರೇ ಬರೀರಿ.”

ತಿಮ್ಮಪ್ಪಣ್ಣ ಮಚ್ಚು ಹಿಡಿದು ಎಳನೀರು ಕೆತ್ತುತ್ತಿದ್ದವರು ನಿಲ್ಲಿಸಿದರು. “ಹಂಗಾರೆ ನೀನ್ ಹೋಗಲ್ವಾ?”

“ಇಲ್ಲಣ್ಣ. ಅವು ಹೋಗ್ತವೆ.”

“ಆಯ್ತು ಬಿಡವ್ವಾ. ಕುಡಿ ಮೊದ್ಲು.”

ಆಗಷ್ಟೇ ಮರದಿಂದ ಇಳಿಸಿದ ಕಾಯಿ. ತಣ್ಣಗಿತ್ತೋ, ಬಿಸಿಲಿಗೆ ಬೆಚ್ಚಗಾಗಿತ್ತೋ, ನನ್ನ ಬೆರಳಿಗೆ ತಿಳಿಯಲಿಲ್ಲ. ಎರಡೂ ಕೈಯಲ್ಲಿ ಹಿಡಿದುಕೊಂಡು, ಅಳುತ್ತಲೇ ಪೂರ್ತಿ ಕುಡಿದೆ.