ಬಲಗಡೆಯ ಕಪ್ಪು ಗೆರೆ

ಬಟವಾಡಿಯ ಎಕ್ಸ್‌ರೇ ಸೆಂಟರೊಂದರಲ್ಲಿ ಹನ್ನೊಂದು ವರ್ಷದಿಂದ ನಾನು, ಮಾಲಿನಿ, ಟೆಕ್ನಿಷಿಯನ್. ಸರ, ಓಲೆ, ಪಿನ್ನು ಬಿಚ್ಚಿಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದುಕೊಂಡಿದ್ದೆ. ಬಸವಲಿಂಗಮ್ಮನ ಮುಂದೆ ನನ್ನ ಆಟ ನಡೆಯಲಿಲ್ಲ.

ಅವರನ್ನು ಗುಬ್ಬಿಯಿಂದ ಮಗ ರೇಣುಕಾಪ್ರಸಾದ್ ಕರೆತಂದಿದ್ದ. ಮಂಡಿನೋವಿನ ಮಾತ್ರೆಗಳನ್ನು ಖಾಲಿ ಹೊಟ್ಟೆಗೆ ನುಂಗಿ ನುಂಗಿ, ಬೆಳಗಿನಿಂದ ಹೊಟ್ಟೆ ಹಲಗೆಯಂತಾಗಿತ್ತು. ಜಠರದಲ್ಲಿ ತೂತು ಬಿದ್ದಿರಬಹುದೆಂದು ಡಾಕ್ಟರ ಅನುಮಾನ. ತೂತಾಗಿದ್ದರೆ ಗಾಳಿ ಸೋರುತ್ತದೆ, ನೆಟ್ಟಗೆ ಕೂತಾಗ ಮೇಲೇರಿ ಶ್ವಾಸಕೋಶದ ಬುಡದಲ್ಲಿ ಕಪ್ಪಗೆ ಕಾಣುತ್ತದೆ. ಕಂಡರೆ ತಕ್ಷಣ ಆಪರೇಷನ್. ತಡವಾದರೆ ಜೀವಕ್ಕೇ ಸಂಚಕಾರ.

ಹತ್ತು ನಿಮಿಷ ನೆಟ್ಟಗೆ ಕೂರಿಸಿ ಎಕ್ಸ್‌ರೇ ತೆಗೆದೆ. ನೋಡಬೇಕಾದ ಜಾಗದಲ್ಲೇ ದುಂಡಗೆ ಬೆಳ್ಳನೆಯ ಕಲೆ! ಇಷ್ಟಲಿಂಗದ ಬೆಳ್ಳಿ ಕರಡಿಗೆಯನ್ನು ಅಜ್ಜಿ ಗೌನಿನೊಳಗೆ ಅಡಗಿಸಿಕೊಂಡಿದ್ದರು. ಅದು ಬಲಕ್ಕೆ ಜಾರಿ ಕೂತಿತ್ತು.

"ಅಜ್ಜಿ, ಇದನ್ನ ತೆಗೀಬೇಕು."

"ಪ್ರಾಣ ಹೋದ್ರೂ ಮೈಯಿಂದ ತೆಗ್ಯಲ್ಲ ಕಣವ್ವ."

"ಬೆನ್ನಿಗೆ ಹಾಕ್ಕೊಂಡ್ರೆ ಆಗಲ್ವಾ ಮೇಡಂ?" ಎಂದ ಮಗ.

"ನನ್ನ ಮಿಷನ್‌ಗೆ ಹಿಂದೆ ಮುಂದೆ ಎಲ್ಲಾ ಒಂದೇ ಕಣಪ್ಪ!" ಎಂದು ರೇಗಿದೆ. ಅಜ್ಜಿಯನ್ನೂ ಗದರುವುದರಲ್ಲಿದ್ದೆ. ಅಷ್ಟರಲ್ಲಿ ನಮ್ಮವ್ವ ಪೂಜೆಗೆ ಕೂರುವ ರೀತಿ ಕಣ್ಣಿಗೆ ಕಟ್ಟಿತು. ಛೆ, ನನ್ನ ಬುದ್ಧಿಗಿಷ್ಟು!

"ಪೂಜೇಲಿ ಲಿಂಗ ಎಲ್ಲಿಟ್ಕೋತೀರಾ ಅಜ್ಜಿ?"

"ಅಂಗೈಲಿ."

"ಈಗ್ಲೂ ಹಂಗೇ ಇಟ್ಕೊಳ್ಳಿ. ಮೈಮೇಲೇ ಇದ್ದಂಗಾಯ್ತಲ್ಲ."

ಅಂಥ ನೋವಿನಲ್ಲೂ ಅವರು ನಕ್ಕರು. ಕರಡಿಗೆಯನ್ನು ದಾರ ಸಮೇತ ಎಡಗೈಯಲ್ಲಿ ಹಿಡಿದು, ಕೈಯನ್ನು ದೂರಕ್ಕೆ ಚಾಚಿ ಕೂತರು. ಉಸಿರು ಹಿಡಿಯಲು ಹೇಳಿ ಬಟನ್ ಒತ್ತಿದೆ. ಬಲಗಡೆ, ಕತ್ತರಿಸಿದ ಉಗುರಿನಷ್ಟು ಕಪ್ಪು ಗೆರೆ! ಕೂಡಲೇ ಡಾಕ್ಟರಿಗೆ ಫೋನ್ ಮಾಡಿದೆ. ಒಂದು ಗಂಟೆಯೊಳಗೆ ಅಜ್ಜಿ ಆಪರೇಷನ್ ಟೇಬಲ್ ಮೇಲಿದ್ದರು.

ಆರನೇ ದಿನ ಆಸ್ಪತ್ರೆಗೆ ನೋಡಲು ಹೋದೆ. ಆಪರೇಷನ್ ಚೆನ್ನಾಗಿಯೇ ಆಗಿತ್ತು. ಆದರೆ ಅಜ್ಜಿ ಕಣ್ಣುಬಿಟ್ಟು ಸುಮ್ಮನೆ ಮಲಗಿರುತ್ತಾರೆ, ಮಾತೇ ಇಲ್ಲ ಎಂದು ಮಗ ಕಂಗಾಲಾಗಿದ್ದ. ಅವತ್ತು ಮೊದಲ ಸಲ ಗಂಜಿ ಕೊಡಲು ಡಾಕ್ಟರು ಒಪ್ಪಿದ್ದರು. ಅವನು ಹೆದರಿ ಹೆದರಿ ಒಂದು ಚಮಚ ಕುಡಿಸಿದ.

ಬಸವಲಿಂಗಮ್ಮ ಮುಖ ಕಿವಿಚಿದರು.

"ಥೂ, ಉಪ್ಪೇ ಇಲ್ಲ. ಯಾವನ್ಲಾ ಮಾಡಿದ್ದು ಇದನ್ನ?"

ರೇಣುಕಾಪ್ರಸಾದ್ ಬಟ್ಟಲು ಹಿಡಿದುಕೊಂಡೇ ಅತ್ತ, ನಕ್ಕ, ಇಡೀ ವಾರ್ಡಿಗೆ ಕೇಳುವಂತೆ ಕೂಗಿದ:

"ನಾನೇ ಕಣವ್ವ ಮಾಡಿದ್ದು! ಇನ್ನೊಂದ್ಸಲ ಬೈಯವ್ವಾ!"