ಉಸಿರು ಹಿಡಿ ಅಂದವನು

ಇದು ನಡೆದ ಕಥೆ, ಆಣೆಗೂ ನಿಜ. ನಡೆದದ್ದು ಮಾತ್ರ ಕೂತಲ್ಲೇ: ಮೆಲ್ಬರ್ನಿನ ಕ್ಲೇಟನ್‌ನಲ್ಲಿ, ಒಂದು ಬಾಡಿಗೆ ಕೋಣೆಯ ಕುರ್ಚಿಯ ಮೇಲೆ, ಬೆಳಿಗ್ಗೆ ಹತ್ತೂವರೆಗೆ.

ಕುರ್ಚಿಯಲ್ಲಿದ್ದವಳು ಮಂಗಳೂರಿನ ರೊವೀನಾ. ಹನ್ನೊಂದಕ್ಕೆ ನರ್ಸ್ ಕೆಲಸದ ವಿಡಿಯೋ ಇಂಟರ್‌ವ್ಯೂ. ಇದು ಮೂರನೆಯದು. ಹಿಂದಿನ ಎರಡರಲ್ಲೂ ಪರದೆಯ ಮೇಲೆ ಮೂರು ಮುಖ ಮೂಡಿದ್ದೇ ತಡ, ಇವಳ ನಾಲಿಗೆ ರಜೆ ಹಾಕಿ ಹೋಗಿತ್ತು. ಈ ಸಲವೂ ಹಾಗಾದರೆ, ವೀಸಾ ಮುಗಿಯುವುದರೊಳಗೆ ಇನ್ನೊಂದು ಅವಕಾಶ ಸಿಗುವ ಹಾಗಿರಲಿಲ್ಲ.

ಅದಕ್ಕೇ ಸಿಡ್ನಿಯ ಎಪ್ಪಿಂಗ್‌ನಲ್ಲಿದ್ದ ಹುಬ್ಬಳ್ಳಿಯ ಗೆಳೆಯ ಅಭಿನವನಿಗೆ ವಿಡಿಯೋ ಕಾಲ್ ಮಾಡಿದ್ದಳು. ಅವನು ಆಫೀಸಿನಲ್ಲಿ ಮನಸ್ಸು ತಣಿಸುವ ಎಂಟು ವಾರದ ಮೈಂಡ್‌ಫುಲ್‌ನೆಸ್ ಕೋರ್ಸ್ ಮುಗಿಸಿದ್ದ. ಪಾಠದ ಜೊತೆಗೆ ಪಾಠ ಮಾಡಿದವರ ದನಿಯನ್ನೂ ಕದ್ದು ತಂದಿದ್ದ.

“ಎದೆ ಡಬಡಬ ಅಂತ ಉಂಟು ಮಾರಾಯ. ಎಂತಾದ್ರೂ ಮಾಡು!”

“ಪಾದ ನೆಲಕ್ಕ ಊರು,” ಎಂದ ಅಭಿನವ, ಜೇನಿನಲ್ಲಿ ಅದ್ದಿದ ದನಿಯಲ್ಲಿ. “ಮನಸ್ಸು ಎಲ್ಲಿಗಾದ್ರೂ ಓಡಲಿ, ಬೈಬ್ಯಾಡ. ಮೆಲ್ಲಕ ಕರಕೊಂಡು ಬಾ. ಕಣ್ಣಿಗೆ ಕಾಣೋ ಐದು ವಸ್ತು ಹೇಳೋದು ಆಮ್ಯಾಲೆ. ಈಗ ಉಸಿರು ಒಳಗ... ಹಿಡಿ...”

ಅಷ್ಟೇ. ಬಾಯಿ ಅರ್ಧ ತೆರೆದು, ಒಂದು ಕಣ್ಣು ಮುಚ್ಚಿ, ಎತ್ತಿದ ಬೆರಳು ಎತ್ತಿದಂತೆಯೇ ನಿಂತುಬಿಟ್ಟ. ದನಿಯೂ ಬಂದ್.

ರೊವೀನಾ ಹಿಡಿದಳು, ಹಿಡಿದೇ ಹಿಡಿದಳು. ‘ಬಿಡು’ ಅನ್ನುವವರಿಲ್ಲ. ಮುಖ ಟೊಮೇಟೊ ಆದಮೇಲೆ ಉಸ್ಸೆಂದು ಬಿಟ್ಟಳು. “ದೇವರೇ, ನೆಟ್ ಹೋಯ್ತು! ಇಂಟರ್‌ವ್ಯೂನಲ್ಲೂ ಹೀಗೇ ಆದ್ರೆ?” ಕೈ ಚಾಚಿ ವೈಫೈ ಡಬ್ಬಿ ಕುಟ್ಟಿದಳು.

ಆಗ ಅಲುಗದ ಅಭಿನವನ ಬೆನ್ನ ಹಿಂದೆ ಅವನ ತಾಯಿ ಗೌರಕ್ಕ ಕುಕ್ಕರ್ ಹಿಡಿದು ಎಡದಿಂದ ಬಲಕ್ಕೆ ಹಾದುಹೋದರು.

ಚಿತ್ರ ನಿಂತಿದ್ದರೆ ಗೌರಕ್ಕ ನಡೆದದ್ದು ಹೇಗೆ? ಓಹೋ! ಹೋದದ್ದು ನೆಟ್ ಅಲ್ಲ, ಬಂದದ್ದು ನಟ!

ರೊವೀನಾ ಪಾದ ನೆಲಕ್ಕೂರಿ, ಅವನದೇ ಜೇನು ದನಿ ತೆಗೆದಳು. “ನೆಟ್ ಬರುವ ತನಕ ಐದು ವಸ್ತು ಹೇಳ್ತೇನೆ. ಒಂದು, ಮೂಗಿನಿಂದ ಇಣುಕುವ ಒಂಟಿ ಕೂದಲು. ಎರಡು, ಹಲ್ಲಿನ ಸಂದಿಯಲ್ಲಿ ಕೊತ್ತಂಬರಿ. ಮೂರು, ಇಸ್ತ್ರಿ ಶರ್ಟಿನ ಕೆಳಗೆ ಹೂವಿನ ಚಡ್ಡಿ. ಹಿಂದಿನ ಕಪಾಟಿನ ಗಾಜಲ್ಲಿ ಚಂದ ಕಾಣ್ತದೆ.”

ಪರದೆಯ ಮೇಲೆ ಗಲ್ಲ ಅದುರಿತು.

“ನಾಲ್ಕು, ಅದುರುವ ಗಲ್ಲ. ಐದು... ಸೌಟು!”

ಗೌರಕ್ಕ ಮಗನ ಭುಜಕ್ಕೆ ಸೌಟಿನಿಂದ ತಿವಿದಿದ್ದರು. ಅವನು ಹಾರಿಬಿದ್ದ ರಭಸಕ್ಕೆ ಕೈ ಮ್ಯೂಟ್ ಗುಂಡಿಗೆ ತಾಗಿ ದನಿ ಬಂತು: “ಯಾಕೋ ಅಭೀ, ಹಿಂಗ್ಯಾಕ ಬಾಯಿ ತಕ್ಕೊಂಡು ಕುಂತೀ? ನೊಣ ಹೊಕ್ಕೀತು!”

ರೊವೀನಾ ಹೊಟ್ಟೆ ಹಿಡಿದು ನಕ್ಕಳು. ನಕ್ಕು ಗಡಿಯಾರ ನೋಡಿದರೆ ಹತ್ತು ಐವತ್ತೈದು. ಎದೆಯ ಡಬಡಬ ಮರೆತೇ ಹೋಗಿತ್ತು.

ಹನ್ನೊಂದಕ್ಕೆ ಮೂರು ಮುಖ ಮೂಡಿದವು. ಮೊದಲ ಪ್ರಶ್ನೆಗೇ ನಾಲಿಗೆ ರಜಾ ಚೀಟಿ ಬರೆಯತೊಡಗಿತು. ಪಾದ ನೆಲಕ್ಕೆ. ಉಸಿರು ಒಳಗೆ, ಹೊರಗೆ. ಒಂದು, ಕನ್ನಡಕದ ಸರ. ಎರಡು, ನೀಲಿ ಮಗ್. ಮೂರು, ಅವರ ಬೆನ್ನ ಹಿಂದೊಂದು ಬಾಗಿಲು. ಅದರಿಂದ ಯಾರಾದರೂ ಕುಕ್ಕರ್ ಹಿಡಿದು ಬಂದರೆ? ತುಟಿಯಂಚಿಗೆ ನಗು ಬಂತು. ಅದರ ಹಿಂದೆಯೇ ಮಾತೂ ಬಂತು, ಒಂದೊಂದಾಗಿ, ಆಮೇಲೆ ಧಾರೆಯಾಗಿ.

ಮೂರು ದಿನದ ಮೇಲೆ ಆಸ್ಪತ್ರೆಯಿಂದ ಫೋನ್ ಬಂತು. ರೊವೀನಾ ತಕ್ಷಣ ಎಪ್ಪಿಂಗ್‌ಗೆ ವಿಡಿಯೋ ಕಾಲ್ ಮಾಡಿದಳು. “ಅಭಿ, ರಿಸಲ್ಟ್ ಬಂತು. ನನಗೆ...” ಅಂದವಳು ಬಾಯಿ ತೆರೆದಂತೆಯೇ ನಿಂತಳು.

“ನಿನಗ? ನಿನಗ ಏನು? ಅಯ್ಯೋ, ಈಗ ಹೋಗಬೇಕೇನು ಈ ನೆಟ್ಟು!” ಅಭಿನವ ಎದ್ದು ವೈಫೈ ಡಬ್ಬಿ ಕುಟ್ಟತೊಡಗಿದ.

ಗೌರಕ್ಕ ಪರದೆಗೆ ಬಗ್ಗಿ ನೋಡಿದರು. “ಏ ಹುಚ್ಚಾ, ಆಕಿ ಹಿಂದ ಫ್ಯಾನ್ ತಿರಗಾಕತ್ತೈತಿ ನೋಡು!”

“ಸಿಕ್ತು ಆಂಟೀ! ಕೆಲಸ ಸಿಕ್ತು!”

ಅಭಿನವ ವೈಫೈ ಡಬ್ಬಿ ಅಪ್ಪಿಕೊಂಡು ನೆಲಕ್ಕೆ ಕುಸಿದ. ಮೂವರ ನಗುವಿನಲ್ಲಿ ಅವನದೇ ಎಲ್ಲಕ್ಕಿಂತ ಜೋರು. ಈ ಸಲ ಉಸಿರು ಹಿಡಿಯಲು ಅವನಿಂದಲೂ ಆಗಲಿಲ್ಲ.